ಹಿಡಿ ಸ್ವಲ್ಪ ಎತ್ತಿ ಹಿಡೀರಿ

ರಾಷ್ಟ್ರೀಯ ಚಾರ್ಜಿಂಗ್ ಜಾಲದ ಕರಡು ಯೋಜನೆ ಇನ್ನೂರ ಹನ್ನೆರಡು ಪುಟಗಳ ದಪ್ಪ ಪುಸ್ತಕ. ಅದನ್ನು ಪೂರ್ತಿ ಓದಿದವರು ದೇಶದಲ್ಲಿ ಎಷ್ಟು ಮಂದಿಯೋ, ಬರೆದವರೇ ಓದಿದ್ದಾರೋ ಇಲ್ಲವೋ. ಆದರೆ ಅದರ ಅರವತ್ತಮೂರನೇ ಪುಟದ ಒಂದು ವಾಕ್ಯವನ್ನು ನಿವೃತ್ತ ಬಸ್ ಕಂಡಕ್ಟರ್ ಒಬ್ಬಳು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು: ‘ಪ್ರಾಯೋಗಿಕ ಕೇಂದ್ರದಲ್ಲಿ ನೂರಕ್ಕೆ ತೊಂಬತ್ತಾರು ವಾಹನಗಳು ಯಾರ ನೆರವೂ ಇಲ್ಲದೆ ಚಾರ್ಜ್ ಆಗಿವೆ.’ ವಾಕ್ಯದ ಕೊನೆಗೆ ಒಂದು ಸಣ್ಣ ನಕ್ಷತ್ರ. ಪುಟದ ಅಡಿಯಲ್ಲಿ ಅದರ ವಿವರ: ‘ಸ್ವತಂತ್ರ ಸಂಶೋಧಕರೊಬ್ಬರ ಹದಿನಾಲ್ಕು ತಿಂಗಳ ಅಧ್ಯಯನ.’

ಆ ಸ್ವತಂತ್ರ ಸಂಶೋಧಕರು ಬೇರೆ ಯಾರೂ ಅಲ್ಲ, ಇವಳೇ. ಆ ವಾಕ್ಯವೋ ಶುದ್ಧ ಸುಳ್ಳು. ಅದನ್ನು ಅಳಿಸಿಹಾಕಲು ಅವಳು ಪಟ್ಟ ಪಾಡು ಯಾವ ಯೋಜನೆಯಲ್ಲೂ ಬರುವುದಿಲ್ಲ, ಆದ್ದರಿಂದ ಇಲ್ಲಿ ಹೇಳಬೇಕಾಗಿದೆ.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದವಳು. ಬೀದಿಯವರು, ನೆಂಟರು, ಕೊನೆಗೆ ಕಟ್ಟಿಕೊಂಡ ಗಂಡ ಕೂಡ ಅವಳನ್ನು ಕರೆಯುವುದು ಕಂಡಕ್ಟರಮ್ಮ ಎಂದೇ. ಯಾರು ಎಲ್ಲಿ ಇಳಿಯಬೇಕು, ಯಾರಿಗೆ ವಾಂತಿ ಬರುವ ಹಾಗಿದೆ, ಯಾವ ಅಜ್ಜಿಯ ಗಂಟು ಯಾವ ಸೀಟಿನ ಕೆಳಗಿದೆ, ಎಲ್ಲ ಅವಳ ತಲೆಯಲ್ಲಿರುತ್ತಿತ್ತು. ಯಾರಾದರೂ ದಿಕ್ಕು ತೋಚದೆ ಬೆಪ್ಪಾಗಿ ನಿಂತಿರುವುದನ್ನು ಕಂಡರೆ ಅವಳಿಗೆ ತಡೆಯುವುದಿಲ್ಲ. “ಒಳಗೆ ಬನ್ನಿ, ಕಂಬಿ ಹಿಡ್ಕೊಳ್ಳಿ, ಚೀಲ ಇಲ್ಲಿ ಕೊಡಿ” ಎಂದು ಬಾಯಿ ಹೇಳುವ ಮೊದಲೇ ಕೈ ಮುಂದೆ ಹೋಗಿರುತ್ತದೆ. ಜೊತೆಗೆ ಕೋಪ ಮೂಗಿನ ತುದಿಯಲ್ಲಿ. ಒಂದೇ ಉಸಿರಿನಲ್ಲಿ ಬೈದು, ಅದೇ ಉಸಿರಿನಲ್ಲಿ ಸೀಟು ಕೊಡಿಸುವ ಜಾತಿಯವಳು.

ಸಂಶೋಧನೆಯ ಹುಳ ತಲೆಗೆ ಹೊಕ್ಕಿದ್ದು ಡಿಪೋದಲ್ಲಿ. ಅವಳ ನೌಕರಿಯ ಕೊನೆಯ ವರ್ಷ ಹನ್ನೆರಡು ಎಲೆಕ್ಟ್ರಿಕ್ ಬಸ್ಸುಗಳು ಬಂದವು. ಹೂಮಾಲೆ, ಭಾಷಣ, ಫೋಟೋ ಎಲ್ಲ ಮುಗಿದ ಮೇಲೆ ನೋಡಿದರೆ ಚಾರ್ಜಿಂಗ್ ಕಂಬಗಳೆಲ್ಲ ಎಡಗಡೆ, ಬಸ್ಸಿನಲ್ಲಿ ಕೇಬಲ್ ಸಿಕ್ಕಿಸುವ ಬಾಯಿ ಬಲಗಡೆ. ಪ್ರತಿ ಬಸ್ಸನ್ನೂ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಬೇಕು. ಅದಕ್ಕೆ ತಲಾ ಹನ್ನೊಂದು ನಿಮಿಷ, ಹಾಗಾಗಿ ಬೆಳಗಿನ ಮೊದಲ ಟ್ರಿಪ್ ದಿನವೂ ತಡ. ಬೈಸಿಕೊಳ್ಳುವವರು ಮಾತ್ರ ಕಂಡಕ್ಟರುಗಳು. ಅವಳು ಎರಡು ತಿಂಗಳು ನಿಮಿಷ ನಿಮಿಷ ಬರೆದು, ಅಂದವಾಗಿ ಪಟ್ಟಿ ಮಾಡಿ ಡಿಪೋ ಮ್ಯಾನೇಜರಿಗೆ ಕೊಟ್ಟಳು. ಅವನು “ನೋಡೋಣ” ಎಂದು ಮೇಜಿನ ಮೇಲಿಟ್ಟ. ಮರುದಿನ ಹೋಗಿ ನೋಡಿದರೆ ಪಟ್ಟಿಯ ಮೇಲೆ ಟೀ ಲೋಟ ಕೂತಿತ್ತು.

“ಅಷ್ಟಾದ್ರೂ ಉಪಯೋಗಕ್ಕೆ ಬಂತಲ್ಲ” ಎಂದ ಅವಳ ಗಂಡ. ಅವನು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಮಾತು ಕಡಿಮೆ. ಆಡಿದರೆ ಸೂಜಿ ಚುಚ್ಚಿದ ಹಾಗೆ.

ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಮಗಳು ಅಳುಮೋರೆ ಹಾಕಿಕೊಂಡು ಮನೆಗೆ ಬಂದಳು. ಮಗಳ ಕೆಲಸ ಊರೂರಿಗೆ ಹೋಗಿ, ಕಿವಿ ಕೇಳದವರಿಗೆ ಶ್ರವಣಯಂತ್ರ ಕೂರಿಸುವುದು. ಅದಕ್ಕೆಂದೇ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು. ಊರಾಚೆ ಹೆದ್ದಾರಿಯಲ್ಲಿ, ಲಾರಿಗಳ ತೂಕ ನೋಡುವ ವೇಬ್ರಿಜ್ಜಿನ ಹಿಂದೆ, ಸರ್ಕಾರದವರು ಹೊಸದಾಗಿ ಆರು ಚಾರ್ಜಿಂಗ್ ಯಂತ್ರ ಹಾಕಿದ್ದರು. ಫೋನಿನ ನಕ್ಷೆಯಲ್ಲಿ ಆರಕ್ಕೆ ಆರೂ ಹಸಿರು. ಆದರೆ ಅವಳು ಅಲ್ಲಿ ಎರಡು ಗಂಟೆ ಒದ್ದಾಡಿದರೂ ಕಾರು ಚಾರ್ಜ್ ಆಗಿರಲಿಲ್ಲ.

“ಹಸಿರು ತೋರಿಸ್ತಿತ್ತಮ್ಮಾ!”

“ಹಸಿರು ಅಂದ್ರೆ ಯಂತ್ರಕ್ಕೆ ಕರೆಂಟ್ ಬಂದಿದೆ ಅಂತ ಅಷ್ಟೇ. ನಿನ್ನ ಕಾರಿಗೆ ಬಂತಾ ಅಂತ ಯಾರು ನೋಡ್ತಾರೆ?” ಎಂದು ಕೇಳಿದ ಕಂಡಕ್ಟರಮ್ಮನಿಗೆ ತನ್ನ ಪ್ರಶ್ನೆಯೇ ತನಗೆ ಹಿಡಿಸಿಬಿಟ್ಟಿತು. ಯಾರೂ ನೋಡುವುದಿಲ್ಲ ಎಂದರೆ ತಾನು ನೋಡಬೇಕು, ಅಷ್ಟೇ.

ಆ ಆರು ಯಂತ್ರಗಳು ಇಡೀ ದೇಶಕ್ಕೆ ಮಾದರಿಯಂತೆ, ಅವು ಸರಿಹೋದರೆ ಹೆದ್ದಾರಿಗಳ ಉದ್ದಕ್ಕೂ ನಾಲ್ಕು ಸಾವಿರ ಕಡೆ ಅಂಥವನ್ನೇ ಹಾಕುತ್ತಾರಂತೆ. ಇದು ತಿಳಿದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ದರ್ಜಿ ತನ್ನ ಅಳತೆ ಪಟ್ಟಿ ಇಟ್ಟು ಉದ್ದನೆಯ ಪುಸ್ತಕಕ್ಕೆ ಗೆರೆ ಎಳೆದುಕೊಟ್ಟ. ಬಂದ ಹೊತ್ತು, ಯಾವ ವಾಹನ, ಕಾದ ನಿಮಿಷ, ಚಾರ್ಜ್ ಆಯಿತೋ ಇಲ್ಲವೋ, ಆ ಹೊತ್ತಿನಲ್ಲಿ ಚಾಲಕರು ಎಲ್ಲಿ ಹೋದರು, ಷರಾ. ವಾರಕ್ಕೆ ಮೂರು ದಿನ, ಬೆಳಗ್ಗೆಯಿಂದ ಸಂಜೆಯವರೆಗೆ ಅವಳು ಅಲ್ಲಿ ಕೂತಳು. ಎದುರಿಗಿದ್ದ ಪಂಕ್ಚರ್ ಅಂಗಡಿಯವನು ಒಂದು ಸ್ಟೂಲು ಕೊಟ್ಟ. ಮೊದಲ ತಿಂಗಳು ಅವನು ಇವಳನ್ನು ಸರ್ಕಾರದ ಗೂಢಚಾರಿಣಿ ಎಂದುಕೊಂಡಿದ್ದ. ಆಮೇಲೆ ತಲೆ ಕೆಟ್ಟಿರಬೇಕು ಎಂದುಕೊಂಡ. ಕೊನೆಗೆ ಎರಡೂ ಅಲ್ಲವೆಂದು ತಿಳಿದು ಟೀ ತರಿಸತೊಡಗಿದ.

ಹದಿನಾಲ್ಕು ತಿಂಗಳು, ಸಾವಿರದ ಒಂಬೈನೂರ ನಲವತ್ತು ವಾಹನಗಳು. ಬಿಸಿಲಿಗೆ ಮುಖ ಕಪ್ಪಿಟ್ಟಿತು, ಚಳಿಗೆ ಮಂಡಿ ಹಿಡಿದುಕೊಂಡಿತು. ನೆಂಟರು “ಈ ವಯಸ್ಸಲ್ಲಿ ಇದೇನು ಗ್ರಹಚಾರ” ಎಂದರು. ಅವಳು ಕ್ಯಾರೇ ಅನ್ನಲಿಲ್ಲ. ಎಂಬತ್ತನಾಲ್ಕು ಪುಟದ ವರದಿ ಬರೆದು ರಾಷ್ಟ್ರೀಯ ಯೋಜನಾ ಕಚೇರಿಗೆ ಕಳಿಸಿದಳು. ಜನ ಬ್ಯಾಟರಿ ಮುಗಿದಾಗ ನಿಲ್ಲಿಸುವುದಿಲ್ಲ, ಶೌಚಾಲಯ ಕಂಡಾಗ ನಿಲ್ಲಿಸುತ್ತಾರೆ. ಕಾಯುವವರಿಗೆ ನೆರಳು ಬೇಕು. ಮುಖ್ಯವಾಗಿ, ಪ್ರತಿ ಕೇಂದ್ರದಲ್ಲೂ ಒಬ್ಬ ಮನುಷ್ಯ ಬೇಕು. ಇದನ್ನು ಹೇಳಲು ಐದನೇ ಅಧ್ಯಾಯವನ್ನೇ ಮೀಸಲಿಟ್ಟಿದ್ದಳು. ಜೊತೆಗೆ ಅರ್ಧ ಪುಟದಲ್ಲಿ ತನ್ನದೇ ಒಂದು ಊಹೆಯನ್ನೂ ಮಂಡಿಸಿದ್ದಳು: ಆಗದೆ ಹೋದ ಚಾರ್ಜ್‌ಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಒಂದರಿಂದ ಒಂದೂವರೆಯ ನಡುವೆ ಆಗಿವೆ, ಆದ್ದರಿಂದ ಬಿಸಿಲಿಗೆ ಯಂತ್ರ ಕಾದು ಕೈಕೊಡುತ್ತಿರಬಹುದು.

ಏಳು ತಿಂಗಳು ಸದ್ದಿಲ್ಲ. ಎಂಟನೇ ತಿಂಗಳು ಕರಡು ಯೋಜನೆ ಬಂತು, ಆಕ್ಷೇಪಣೆಗೆ ಮೂವತ್ತು ದಿನ. ಮಗಳು ಅದನ್ನು ಅಚ್ಚು ಹಾಕಿಸಿ ತಂದು, ನಕ್ಷತ್ರದ ಗುರುತು ತೋರಿಸಿ, “ಅಮ್ಮಾ, ಇದು ನೀನೇ!” ಎಂದು ಕುಣಿದಳು. ದರ್ಜಿ ಕನ್ನಡಕ ಏರಿಸಿ ಎರಡು ಸಲ ಓದಿ, ಯಂತ್ರ ನಿಲ್ಲಿಸಿ, ಹೆಂಡತಿಯನ್ನು ನೋಡಿ ನಕ್ಕ. ಅವನು ನಕ್ಕಿದ್ದು ಕಂಡು ಕಂಡಕ್ಟರಮ್ಮನಿಗೆ ಕಣ್ಣಲ್ಲಿ ನೀರು ಬಂತು. ಎಂಟು ನಿಮಿಷ ಅವಳು ಈ ಭೂಮಿಯ ಮೇಲೆ ಇರಲಿಲ್ಲ.

ಆಮೇಲೆ ಮುಂದಿನ ಪುಟ ಓದಿದಳು. ‘ಮೇಲ್ಕಂಡ ಅಧ್ಯಯನದ ಆಧಾರದ ಮೇಲೆ, ನಾಲ್ಕು ಸಾವಿರ ಕೇಂದ್ರಗಳನ್ನು ಸಿಬ್ಬಂದಿರಹಿತವಾಗಿ ನಡೆಸಲು ತೀರ್ಮಾನಿಸಲಾಗಿದೆ. ಇದೇ ಮಾದರಿಯ ಯಂತ್ರವನ್ನು ಎಲ್ಲೆಡೆ ಅಳವಡಿಸಲಾಗುವುದು. ಮಧ್ಯಾಹ್ನದ ಬಿಸಿಲಿನಿಂದ ರಕ್ಷಿಸಲು ಯಂತ್ರಗಳಿಗೆ ಚಾವಣಿ ಹಾಕಲಾಗುವುದು.’

“ಯಂತ್ರಕ್ಕೆ ಚಾವಣಿ! ಮನುಷ್ಯರಿಗಿಲ್ಲ! ಮನುಷ್ಯ ಬೇಕು ಅಂತ ಒಂದು ಅಧ್ಯಾಯ ಬರೆದ್ರೆ ಮನುಷ್ಯ ಬೇಡ ಅಂತ ನನ್ನ ಹೆಸರಲ್ಲೇ ಬರೀತಾರಲ್ಲ, ಇವರೇನು ಓದ್ತಾರೋ ಇಲ್ಲ ಪುಸ್ತಕ ಮೂಸಿ ನೋಡ್ತಾರೋ?” ಪಿತ್ತ ನೆತ್ತಿಗೇರಿತು. ಆ ‘ಯಾರ ನೆರವೂ ಇಲ್ಲದೆ’ ಎಂಬುದನ್ನು ಅವಳು ಎಲ್ಲೂ ಬರೆದಿರಲಿಲ್ಲ. ಯಾವನೋ ತನ್ನಷ್ಟಕ್ಕೆ ಸೇರಿಸಿದ್ದ. ಆಕ್ಷೇಪಣೆ ಬರೆಯುತ್ತೇನೆ, ನೀರಿಳಿಸುತ್ತೇನೆ ಎಂದು ಪುಸ್ತಕ ಕಂಕುಳಲ್ಲಿ ಇರಿಸಿಕೊಂಡು ಮಾರನೇ ದಿನವೇ ಕೇಂದ್ರಕ್ಕೆ ಹೋದಳು.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಅವಳ ರಾಮಾಯಣವನ್ನೆಲ್ಲ ಕೇಳಿಸಿಕೊಂಡು, “ತೊಂಬತ್ತಾರಾ?” ಎಂದ. “ನೂರಕ್ಕೆ ತೊಂಬತ್ತಾರು ಗಾಡಿ ಚಾರ್ಜ್ ಆಗತ್ತೆ ಅಂತ ನೀವೇ ಬರೆದ್ರಾ?”

“ಹೂಂ. ಎಣಿಸಿ ಬರೆದಿದ್ದು.”

“ನೀವು ಇರೋ ದಿನ ಆಗತ್ತೆ ಬಿಡಿ. ನೀವು ಬರದ ದಿನ ಒಮ್ಮೆ ಬಂದು ನೋಡಿ, ಆಟ ಇರೋದೇ ಆಗ. ಅರ್ಧಕ್ಕರ್ಧ ಜನ ನನ್ನ ಹತ್ರ ಬಂದು ತಲೆ ತಿಂತಾರೆ. ಕೇಬಲ್ಲಿನ ಹಿಡಿ ಎತ್ತಿ ಹಿಡೀಬೇಕು ಅಂತ ಅವರಿಗೇನು ಕನಸು ಬೀಳತ್ತಾ?”

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ. “ನಾನಿದ್ರೇನು, ಬಿಟ್ರೇನು? ನಾನು ಸುಮ್ನೆ ಕೂತು ಬರೀತಿದ್ದೆ” ಎನ್ನುವಷ್ಟರಲ್ಲಿ ಒಂದು ಬಿಳಿ ಕಾರು ಬಂದು ಎರಡನೇ ಯಂತ್ರದ ಮುಂದೆ ನಿಂತಿತು. ಹೆಂಗಸೊಬ್ಬಳು ಇಳಿದು, ದಪ್ಪ ಕೇಬಲ್ಲು ಎಳೆದು, ಕಾರಿಗೆ ಸಿಕ್ಕಿಸಿ, ಗುಂಡಿ ಒತ್ತಿದಳು. ಯಂತ್ರ ಕುಂಯ್ ಎಂದು ಸುಮ್ಮನಾಯಿತು. ಮತ್ತೆ ಒತ್ತಿದಳು, ಮತ್ತೆ ಕುಂಯ್. ಆ ಕೇಬಲ್ಲಿನ ಭಾರಕ್ಕೆ ಹಿಡಿ ಕೆಳಗೆ ಜಗ್ಗಿ ಒಳಗಿನ ಮೊಳೆ ಸರಿಯಾಗಿ ತಾಗುವುದಿಲ್ಲ, ಬೀಗ ಬೀಳುವವರೆಗೆ ಹತ್ತು ಸೆಕೆಂಡು ಅದನ್ನು ಕೈಯಿಂದ ಎತ್ತಿ ಹಿಡಿದಿರಬೇಕು. ಯಂತ್ರದ ಮೇಲೆ ಹಾಗೆಂದು ಎಲ್ಲೂ ಬರೆದಿಲ್ಲ.

“ಹಿಡಿ ಸ್ವಲ್ಪ ಎತ್ತಿ ಹಿಡೀರಿ. ಇನ್ನೂ ಸ್ವಲ್ಪ. ಹಾಂ, ಈಗ ಒತ್ತಿ.”

ಮಾತು ಕೇಳಿ ಕಂಡಕ್ಟರಮ್ಮನೇ ಬೆಚ್ಚಿದಳು. ಆಡಿದ್ದು ತಾನೇ! ಸ್ಟೂಲಿನ ಮೇಲಿದ್ದವಳು ಯಾವಾಗ ಎದ್ದಳೋ, ರಸ್ತೆ ಯಾವಾಗ ದಾಟಿದಳೋ ಅವಳಿಗೆ ಗೊತ್ತಿಲ್ಲ. ಅವಳ ಎಡಗೈ ಆ ಹೆಂಗಸಿನ ಕೈಯ ಕೆಳಗೆ, ಹಿಡಿಯ ಅಡಿಯಲ್ಲಿತ್ತು. ಯಂತ್ರ ಚಾರ್ಜ್ ಮಾಡತೊಡಗಿತು. ಹೆಂಗಸು ಥ್ಯಾಂಕ್ಸ್ ಹೇಳಿದಳು. ರಸ್ತೆಯಾಚೆ ಪಂಕ್ಚರ್‌ನವನು ಒದ್ದೆ ಟ್ಯೂಬು ಹಿಡಿದು ಇವಳನ್ನೇ ನೋಡುತ್ತಿದ್ದ, ನಗುತ್ತಿರಲಿಲ್ಲ.

ಮನೆಗೆ ಬಂದವಳೇ ಹಳೆಯ ಪುಸ್ತಕಗಳನ್ನೆಲ್ಲ ಕೆಡವಿ ಕೂತಳು. ಆಗದೆ ಹೋದ ಚಾರ್ಜ್‌ಗಳ ಹೊತ್ತು ನೋಡಿದಳು. ಒಂದು ಹತ್ತು, ಒಂದು ಇಪ್ಪತ್ತು, ಒಂದೂಕಾಲು. ದಿನವೂ ಅದೇ ಹೊತ್ತಿಗೆ ಅವಳು ಪಂಕ್ಚರ್ ಅಂಗಡಿಯ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಕಣ್ಣಿಗೆ ಕಾಣುತ್ತಿತ್ತು, ಊಟದ ಕೈಯಲ್ಲಿ ಏಳುವಂತಿರಲಿಲ್ಲ, ಆಮೇಲೆ ಬರೆದುಕೊಳ್ಳುತ್ತಿದ್ದಳು. ಬಿಸಿಲೂ ಅಲ್ಲ, ಕಾವೂ ಅಲ್ಲ. ಯಂತ್ರ ಕೆಟ್ಟಿದ್ದಲ್ಲ, ಕಂಡಕ್ಟರಮ್ಮ ಊಟಕ್ಕೆ ಕೂತಿದ್ದು. ಆ ಊಟದ ಮೇಲೆ ಈಗ ನಾಲ್ಕು ಸಾವಿರ ಚಾವಣಿ ಏಳುತ್ತಿತ್ತು.

“ಹದಿನಾಲ್ಕು ತಿಂಗಳಲ್ಲಿ ಒಂದು ಸಲನೂ ಬರ್ಕೊಂಡಿಲ್ಲ, ರೀ. ಒಂದೇ ಒಂದು ಸಲ!” ಎಂದು ಹಣೆ ಚಚ್ಚಿಕೊಂಡಳು.

ದರ್ಜಿ ಬಾಯಲ್ಲಿ ಹಿಡಿದಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟ. “ಮೂವತ್ತೊಂದು ವರ್ಷ ಟ್ರಿಪ್ ಶೀಟ್ ಬರೆದ್ಯಲ್ಲ. ಎಷ್ಟು ಜನಕ್ಕೆ ಮೆಟ್ಟಿಲು ಹತ್ತಿಸ್ದೆ ಅಂತ ಅದ್ರಲ್ಲಿ ಯಾವತ್ತಾದ್ರೂ ಬರೆದಿದ್ಯಾ?”

“ಅದಕ್ಕೆ ಕಾಲಮ್ಮೇ ಇರ್ಲಿಲ್ಲ.”

“ನಾನೂ ಎಳೀಲಿಲ್ಲ” ಎಂದ ಅವನು. ತಪ್ಪಿನಲ್ಲಿ ಪಾಲು ತೆಗೆದುಕೊಂಡಿದ್ದು ಅದು. ಆದರೂ ಅವಳ ಸಿಟ್ಟು ತಣಿಯಲಿಲ್ಲ. ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ. ತನ್ನ ಮೇಲೆಯೇ ಸಿಟ್ಟು ಬಂದರೆ ಅದನ್ನು ಎಲ್ಲಿ ಇಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಆಕ್ಷೇಪಣೆಗೆ ಇಪ್ಪತ್ತೈದು ದಿನ ಉಳಿದಿತ್ತು. ಹದಿನೆಂಟು ದಿನ ಹೊಸದಾಗಿ ಎಣಿಸುವುದು, ಯಾರಿಗೂ ಏನೂ ಹೇಳದೆ ಸುಮ್ಮನೆ ನೋಡುವುದು ಎಂದು ತೀರ್ಮಾನವಾಯಿತು. ಪಂಕ್ಚರ್‌ನವನೂ ಬಾಯಿಗೆ ಬೀಗ ಹಾಕಿಕೊಳ್ಳಲು ಒಪ್ಪಿದ. ಬಂದ ವಾಹನ ನಲವತ್ತು ನಿಮಿಷದೊಳಗೆ ಚಾರ್ಜ್ ಆಗದಿದ್ದರೆ ‘ಆಗಲಿಲ್ಲ’ ಎಂದು ಬರೆಯುವುದು, ಆಮೇಲೆ ಬೇಕಾದರೆ ಹೋಗಿ ಹೇಳಿಕೊಡುವುದು. ಕಾಗದದ ಮೇಲೆ ಸುಲಭ. ದರ್ಜಿಗೆ ಹೆಂಡತಿಯ ಕೈ ಗೊತ್ತು, ಒಂದು ಚೀಲದ ತುಂಬ ಶರ್ಟು, ಒಂದು ಡಬ್ಬಿ ಗುಂಡಿ ಕಟ್ಟಿಕೊಟ್ಟ. “ಕೈಗೆ ಕೆಲಸ ಇರ್ಲಿ. ಇಲ್ದಿದ್ರೆ ನಾನೇ ಬಂದು ಹಗ್ಗ ಕಟ್ಬೇಕಾಗತ್ತೆ.”

ಟಯರುಗಳ ರಾಶಿಯ ಹಿಂದೆ ಕೂತು ಅವಳು ಗುಂಡಿ ಹೊಲಿದಳು. ಎದುರಿಗೆ ಜನ ಒತ್ತುತ್ತಿದ್ದರು, ಕುಂಯ್, ಬೈಯುತ್ತಿದ್ದರು, ಕುಂಯ್, ಫೋನ್ ಮಾಡುತ್ತಿದ್ದರು. ಸಹಾಯವಾಣಿಯಲ್ಲಿ ಸಂಗೀತ ಕೇಳಿಸುತ್ತಿತ್ತು. ಮದುವೆಯ ಅಂಗಿ ತೊಟ್ಟ ಗಂಡಸೊಬ್ಬ ಯಂತ್ರಕ್ಕೆ ಕೈ ಮುಗಿದ. ಇಬ್ಬರು ಅಕ್ಕತಂಗಿಯರು ಇಪ್ಪತ್ತು ನಿಮಿಷ ಜಗಳವಾಡಿ ಮಾತು ಬಿಟ್ಟರು. ಹತ್ತು ಸೆಕೆಂಡಿನ ಕೆಲಸ! ಅವಳು ಹಲ್ಲು ಕಡಿದಳು, ನಾಲಿಗೆ ಕಚ್ಚಿದಳು, ಸೂಜಿಯಲ್ಲಿ ಬೆರಳು ಚುಚ್ಚಿಕೊಂಡಳು. ಮೊದಲ ವಾರ ಹೊಲಿದ ಶರ್ಟುಗಳಲ್ಲಿ ಗುಂಡಿ ಎಷ್ಟು ಬಿಗಿಯಾಗಿತ್ತೆಂದರೆ ದರ್ಜಿ ಅವನ್ನೆಲ್ಲ ಕತ್ತರಿಸಿ ಮತ್ತೆ ಹೊಲಿಯಬೇಕಾಯಿತು.

ಹನ್ನೊಂದನೇ ದಿನ ಐಸ್ ಕ್ರೀಮ್ ಗಾಡಿಯವನು ಬಂದ. ಮೂರು ಗಾಲಿಯ ಎಲೆಕ್ಟ್ರಿಕ್ ಗಾಡಿ, ಹಿಂದೆ ಪೆಟ್ಟಿಗೆ, ಮೇಲೆ ಬಣ್ಣದ ಚಿತ್ರ. ನಡುವಯಸ್ಸಿನವನು, ಒಬ್ಬನೇ. ಗಾಡಿಯ ಬ್ಯಾಟರಿ ಪೂರ್ತಿ ಇಳಿದಿತ್ತು, ಎಂದರೆ ಪೆಟ್ಟಿಗೆಯ ತಂಪೂ ಇಳಿಯುತ್ತಿತ್ತು. ಆರು ಯಂತ್ರಗಳಿಗೂ ಗಾಡಿಯನ್ನು ತಳ್ಳಿಕೊಂಡು ಹೋಗಿ ನೋಡಿದ. ಮುಚ್ಚಳ ತೆಗೆದು ನೋಡಿದ, ಮುಚ್ಚಿದ. ಪಂಕ್ಚರ್ ಅಂಗಡಿಗೆ ಬಂದು, “ಅಣ್ಣಾ, ಇದನ್ನ ಹೆಂಗೆ ಹಾಕೋದು ಗೊತ್ತಾ?” ಎಂದು ಕೇಳಿದ. ಪಂಕ್ಚರ್‌ನವನು ಟಯರುಗಳ ರಾಶಿಯ ಕಡೆ ನೋಡಿದ. ರಾಶಿಯ ಹಿಂದಿನಿಂದ ಉಸಿರೂ ಬರಲಿಲ್ಲ. “ಗೊತ್ತಿಲ್ಲಪ್ಪ” ಎಂದ, ನೆಲ ನೋಡುತ್ತ.

ಹದಿನೆಂಟು ನಿಮಿಷ. ಇಪ್ಪತ್ತಾರು. ಪೆಟ್ಟಿಗೆಯ ಮೂಲೆಯಿಂದ ಗುಲಾಬಿ ಬಣ್ಣದ ನೀರು ತೊಟ್ಟಿಕ್ಕತೊಡಗಿತು. ಅವನು ಕರವಸ್ತ್ರದಲ್ಲಿ ಒರೆಸಿದ, ಆಮೇಲೆ ಒರೆಸುವುದನ್ನು ಬಿಟ್ಟು ಗಾಡಿಯ ನೆರಳಿನಲ್ಲಿ ಕುಕ್ಕರಿಸಿ ಕೂತ. ಕಂಡಕ್ಟರಮ್ಮ ಗಡಿಯಾರದ ಮುಳ್ಳನ್ನೇ ನೋಡುತ್ತಿದ್ದಳು. ಈಗ ಎದ್ದರೆ ಇವನೊಬ್ಬ ಉಳಿಯುತ್ತಾನೆ, ನಾಲ್ಕು ಸಾವಿರ ಕಡೆ ಇಂಥವರು ಕುಕ್ಕರಿಸಿ ಕೂರುತ್ತಾರೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ. ಆದರೂ ಕೂತಳು. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

ನಲವತ್ತು ನಿಮಿಷವಾಗುತ್ತಲೇ ‘ಆಗಲಿಲ್ಲ’ ಎಂದು ಗೀಚಿ ಓಡಿದಳು. ಹಿಡಿ ಎತ್ತಿ ಹಿಡಿದಳು, ಯಂತ್ರ ಹೂಂ ಎಂದಿತು. ಅವನ ಮುಖ ಅರಳಿತು. ಆಮೇಲೆ ಅವಳ ಕೈಯಲ್ಲಿದ್ದ ಸೂಜಿದಾರ ಕಂಡಿತು, ರಸ್ತೆಯಾಚೆ ಸ್ಟೂಲು ಕಂಡಿತು, ಪುಸ್ತಕ ಕಂಡಿತು.

“ನೀವು ಅವಾಗಿಂದ ಅಲ್ಲೇ ಇದ್ರಾ?”

ಅವಳು ಸೂಜಿದಾರವನ್ನು ಸೆರಗಿಗೆ ಸಿಕ್ಕಿಸಿದಳು.

“ಗೊತ್ತಿದ್ದೂ ಸುಮ್ನೆ ಕೂತಿದ್ರಾ?” ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕರಗಿದ್ದನ್ನೆಲ್ಲ ಚರಂಡಿಗೆ ಸುರಿದು, ಪೆಟ್ಟಿಗೆ ತೊಳೆದು, ಅವಳ ಕಡೆ ತಿರುಗಿಯೂ ನೋಡದೆ ಹೋದ.

ಹದಿನೆಂಟು ದಿನದಲ್ಲಿ ನೂರ ಹದಿನೆಂಟು ವಾಹನ ಬಂದವು. ತಾವೇ ಚಾರ್ಜ್ ಮಾಡಿಕೊಂಡವು ಐವತ್ತಮೂರು. ನೂರಕ್ಕೆ ನಲವತ್ತೈದು. ಆ ಲೆಕ್ಕ ಹಿಡಿದುಕೊಂಡು ಅವಳು ರೈಲು ಹತ್ತಿ ಯೋಜನಾ ಕಚೇರಿಗೆ ಹೋದಳು.

ಏಳನೇ ಮಹಡಿ. ಉದ್ದನೆಯ ಓಣಿ, ಎರಡೂ ಬದಿಗೆ ಒಂದೇ ಥರದ ಬಾಗಿಲು, ಗೋಡೆಗೆ ಒರಗಿಸಿದ ಮುರುಕು ಕುರ್ಚಿಗಳು. ಉಪನಿರ್ದೇಶಕ ಮಗಳ ವಯಸ್ಸಿನವನು, ಮರ್ಯಾದಸ್ಥ. ಎದ್ದು ನಿಂತು ಕುರ್ಚಿ ತೋರಿಸಿದ, ನಿಮ್ಮ ವರದಿ ಓದಿ ಖುಷಿಯಾಯಿತು ಎಂದ. ಹೊಸ ಎಣಿಕೆಯನ್ನು ಪುಟ ಪುಟ ತಿರುಗಿಸಿ ಓದಿದ. ಅವನು ಖದೀಮನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು, ಬೆವರಿಳಿಸಿ ಬರುತ್ತಿದ್ದಳು.

“ಅಮ್ಮಾ, ಅದೇ ಕೇಂದ್ರ, ಅದೇ ಯಂತ್ರ, ಎಣಿಸಿದವರೂ ನೀವೇ. ಒಂದ್ಸಲ ತೊಂಬತ್ತಾರು, ಒಂದ್ಸಲ ನಲವತ್ತೈದು. ಸಮಿತಿಯವರು ಯಾವುದನ್ನ ನಂಬಬೇಕು?”

“ಎರಡನ್ನೂ ನಂಬಿ. ಮನುಷ್ಯ ಇದ್ರೆ ತೊಂಬತ್ತಾರು, ಇಲ್ದಿದ್ರೆ ನಲವತ್ತೈದು. ಅದನ್ನೇ ಅಲ್ವಾ ನಾನು ಹೇಳ್ತಿರೋದು!”

“ಆದ್ರೆ ಮೊದಲನೇ ವರದೀಲಿ ನೀವು ಸಹಾಯ ಮಾಡಿದ್ದು ಎಲ್ಲಿ ಬರೆದಿದೀರಿ?”

“ಬರೆದಿಲ್ಲ.”

“ಯಾಕೆ?”

ಅವಳು ಆ ಪ್ರಶ್ನೆಯನ್ನು ಮೂರು ವಾರದಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. “ಅದೂ ಒಂದು ಕೆಲಸ ಅಂತ ಅನ್ನಿಸ್ಲೇ ಇಲ್ಲಪ್ಪ” ಎಂದಳು.

ಅವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ತೊಂಬತ್ತಾರರ ಮೇಲೆ ಯಂತ್ರದ ಕಂಪನಿಯವರು ಆಗಲೇ ಖರ್ಚಿನ ಲೆಕ್ಕ ಹಾಕಿ ಕೊಟ್ಟಿದ್ದಾರೆ, ಇನ್ನೆರಡು ಸಮಿತಿಗಳು ಅದನ್ನೇ ಉದ್ಧರಿಸಿವೆ ಎಂದ. ತಿದ್ದುವ ದಾರಿ ಒಂದೇ. ಮೊದಲ ವರದಿ ಪೂರ್ತಿ ನಂಬಲು ಯೋಗ್ಯವಲ್ಲವೆಂದು ಅವಳೇ ಬರೆದು, ಸಹಿ ಹಾಕಿ, ಅದನ್ನು ಹಿಂದಕ್ಕೆ ಪಡೆಯಬೇಕು.

“ಪೂರ್ತಿ ಅಂದ್ರೆ? ಶೌಚಾಲಯದ ವಿಷಯ? ನೆರಳು? ಐದನೇ ಅಧ್ಯಾಯ?”

“ಅರ್ಧ ವರದಿ ಹಿಂದಕ್ಕೆ ತಗೊಳ್ಳೋ ಫಾರಂ ನಮ್ಮಲ್ಲಿಲ್ಲ, ಅಮ್ಮಾ.”

“ಹಿಂದಕ್ಕೆ ತಗೊಂಡ್ರೆ ಆ ವಾಕ್ಯ ಹೋಗತ್ತಾ?”

“ಆಧಾರ ಇಲ್ದೆ ವಾಕ್ಯ ಹೇಗೆ ನಿಲ್ಲತ್ತೆ?” ಎಂದ ಅವನು. ನಂಬಿಯೇ ಹೇಳಿದ್ದ, ಪಾಪ.

ಹದಿನಾಲ್ಕು ತಿಂಗಳ ಬಿಸಿಲು, ಚಳಿ, ಮಂಡಿನೋವು, ಬದುಕಿನಲ್ಲಿ ಮೊದಲ ಸಲ ಅಚ್ಚಿನಲ್ಲಿ ಕಂಡ ಆ ನಕ್ಷತ್ರ. ಎಲ್ಲವನ್ನೂ ತನ್ನ ಕೈಯಾರೆ ಗಾಳಿಗೆ ತೂರಬೇಕು. ಅವಳು ಫಾರಂ ತೆಗೆದುಕೊಂಡಳು. ‘ಕಾರಣ’ ಎಂಬಲ್ಲಿ ಒಂದೇ ಒಂದು ಸಾಲಿನ ಜಾಗವಿತ್ತು. ಅಲ್ಲಿ ಬರೆದಳು: ‘ನಾನು ಅಲ್ಲಿದ್ದೆ.’ ಸಹಿ ಹಾಕಿದಳು. ಮೇಜಿನ ಮೇಲೆ ಟೀ ಲೋಟವಿತ್ತು. ಅವನು ಅದನ್ನು ಜರುಗಿಸಿ, ಫಾರಂ ಅನ್ನು ಎರಡೂ ಕೈಯಿಂದ ತೆಗೆದುಕೊಂಡ.

ಐದು ತಿಂಗಳ ಮೇಲೆ ಅಂತಿಮ ಯೋಜನೆ ಬಂತು, ಅದಕ್ಕೆ ಕಾಯದೆ ಮೊದಲ ಕೆಲವು ಕೇಂದ್ರಗಳು ಆಗಲೇ ತೆರೆದಿದ್ದವು. ಈ ಸಲ ಮಗಳು ಕುಣಿಯಲಿಲ್ಲ, ಪುಸ್ತಕವನ್ನು ಮೇಜಿನ ಮೇಲಿಟ್ಟು ಮೂರು ದಿನದ ಪ್ರವಾಸಕ್ಕೆ ಹೊರಟುಹೋದಳು. ಕಂಡಕ್ಟರಮ್ಮ ಅರವತ್ತಮೂರನೇ ಪುಟ ತೆಗೆದಳು. ‘ಪ್ರಾಯೋಗಿಕ ಕೇಂದ್ರದಲ್ಲಿ ನೂರಕ್ಕೆ ತೊಂಬತ್ತಾರು ವಾಹನಗಳು ಯಾರ ನೆರವೂ ಇಲ್ಲದೆ ಚಾರ್ಜ್ ಆಗಿವೆ.’ ಅಕ್ಷರ ಅಕ್ಷರ ಹಾಗೇ ಇತ್ತು. ಹೋಗಿದ್ದು ನಕ್ಷತ್ರ ಮಾತ್ರ. ಪುಟದ ಅಡಿ ಖಾಲಿ.

“ನನ್ನನ್ನ ತೆಗೆದ್ರು. ಸುಳ್ಳನ್ನ ಇಟ್ಕೊಂಡ್ರು” ಎಂದಳು.

ದರ್ಜಿ ಪುಸ್ತಕ ಓದಿ, ಪುಟ ತಿರುಗಿಸಿ, ಚಾವಣಿಯ ವಿಷಯ ಬಂದಲ್ಲಿ ಬೆರಳಿಟ್ಟ. “ಚಾವಣಿ ಇದೆ. ಇನ್ಮೇಲೆ ಊಟಕ್ಕೆ ಅದ್ರ ಕೆಳಗೆ ಕೂತ್ಕೋ.” ಅವಳಿಗೆ ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ಅವನು ಎದ್ದು ಹೊಸ ಪುಸ್ತಕವೊಂದನ್ನು ತಂದು, ಅಳತೆ ಪಟ್ಟಿ ಇಟ್ಟು ಗೆರೆ ಎಳೆಯತೊಡಗಿದ. ಎಲ್ಲಕ್ಕಿಂತ ಮೊದಲು, ಬಂದ ಹೊತ್ತಿಗಿಂತಲೂ ಮೊದಲು, ಒಂದು ಅಗಲವಾದ ಕಾಲಂ. ಅದರ ತಲೆಯ ಮೇಲೆ ಅವಳು ಬರೆದಳು: ‘ಯಾರು ಹೇಳಿಕೊಟ್ಟರು’.

ಎರಡನೇ ದಿನ ಮಧ್ಯಾಹ್ನ ಮಗಳ ಫೋನ್ ಬಂತು. ನಾನೂರು ಕಿಲೋಮೀಟರ್ ಆಚೆ, ಹೊಸದಾಗಿ ತೆರೆದ ಕೇಂದ್ರವೊಂದರಲ್ಲಿ ನಿಂತಿದ್ದಳು. ಅದೇ ಯಂತ್ರ. ಹಿಂದೆ ಯಾವುದೋ ಕುಂಯ್ ಸದ್ದು, ಯಾರೋ ಗೊಣಗುತ್ತಿರುವುದು ಕೇಳಿಸುತ್ತಿತ್ತು.

“ಅಮ್ಮಾ, ಒಂದ್ನಿಮಿಷ ಇರು” ಎಂದವಳು ಫೋನ್ ದೂರ ಹಿಡಿದಳು. ಆಚೆಯಿಂದ ಅವಳ ದನಿ ಸ್ಪಷ್ಟವಾಗಿ ಬಂತು: “ಹಿಡಿ ಸ್ವಲ್ಪ ಎತ್ತಿ ಹಿಡೀರಿ, ಅಜ್ಜಾ. ಇನ್ನೂ ಸ್ವಲ್ಪ. ಹಾಂ, ಈಗ ಒತ್ತಿ.” ಆಮೇಲೆ ಯಂತ್ರ ಹೂಂ ಎಂದಿತು. ಮುದುಕರೊಬ್ಬರು ದೇವರು ಒಳ್ಳೇದು ಮಾಡಲಿ ಎಂದರು. ಮಗಳು ಫೋನಿಗೆ ಮರಳಿದಳು. “ಹೂಂ, ಹೇಳಮ್ಮಾ. ಪಾಪ, ಅವರು ಅರ್ಧ ಗಂಟೆಯಿಂದ ನಿಂತಿದ್ರಂತೆ. ನಾಲ್ಕನೆಯವರು ಇವತ್ತು.”

ಕಂಡಕ್ಟರಮ್ಮ ಕೂತಲ್ಲಿಂದ ಎದ್ದು ನಿಂತಳು. “ಬರ್ಕೊಂಡ್ಯಾ?”

“ಏನನ್ನ?” ಎಂದಳು ಮಗಳು.